ವಂಶದಲ್ಲೇ ಇಲ್ಲದ ಟಿ.ಬಿ. ಎಲ್ಲಿಂದ ಬಂತು?

‘ನಮ್ಮ ವಂಶದಲ್ಲಿ ಯಾರಿಗೂ ಟಿ.ಬಿ. ಇರಲಿಲ್ಲ, ನನಗೆ ಹೇಗೆ ಬಂತು?’ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಿಂದಲೂ ಇರುವ ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ನಾನು ಎಷ್ಟು ಬಾರಿ ಉತ್ತರಿಸಿದ್ದೇನೆಂಬ ಲೆಕ್ಕ ನನ್ನಲ್ಲಿಲ್ಲ. ಇದರದೇ ಇನ್ನೊಂದು ಮುಖ, ಸಂಬಂಧ ನೋಡುವ ಹೊತ್ತಿಗೆ ದನಿ ತಗ್ಗಿಸಿ ಕೇಳುವ ‘ಅವರ ಮನೆಯಲ್ಲಿ ಕ್ಷಯ ಇತ್ತಂತೆ, ಹೆಣ್ಣು ತರಬಹುದೇ?’ ಎಂಬುದು.

ತರಬಹುದು. ಕ್ಷಯ ರಕ್ತದಲ್ಲಿ ಇಳಿದು ಬರುವುದಿಲ್ಲ, ಉಸಿರಿನಲ್ಲಿ ಹರಡುತ್ತದೆ. ರೋಗಾಣುವನ್ನು ಕಂಡುಹಿಡಿದುದಾಗಿ ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ನಂಬಿಕೆ ಮಾತ್ರ ಇನ್ನೂ ಅದಕ್ಕೂ ಹಿಂದಿನ ಕಾಲದಲ್ಲೇ ನಿಂತಿದೆ. ನಂಬಿಕೆಗೆ ಆಧಾರವೇ ಇಲ್ಲವೆಂದಲ್ಲ, ಒಂದೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಮಲಗಿದ್ದನ್ನು ಹಿರಿಯರು ಕಣ್ಣಾರೆ ಕಂಡಿದ್ದರು. ಮೈಸೂರಿನ ಕ್ಷಯ ಆಸ್ಪತ್ರೆಗೆ ಹೆಸರು ಕೊಟ್ಟ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಈ ರೋಗದಿಂದಲೇ ತೀರಿಕೊಂಡರು, ಅವರ ಹೆಣ್ಣುಮಕ್ಕಳೂ ಇದಕ್ಕೆ ಬಲಿಯಾದರು. ಆದರೆ ತಾಯಿ ಮಕ್ಕಳು ಹಂಚಿಕೊಳ್ಳುವುದು ರಕ್ತವನ್ನು ಮಾತ್ರವಲ್ಲ, ಕೋಣೆಯನ್ನೂ ಅದರ ಗಾಳಿಯನ್ನೂ ಸಹ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಅನುವಂಶೀಯತೆಯ ಒಂದಿಷ್ಟು ಪಾತ್ರ ಕಂಡಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ವಂಶದಿಂದ ಬರುವ ಆ ಒಲವು ರೋಗಾಣುವನ್ನು ಮನೆಗೆ ಕರೆತರಲಾರದು.

ವಂಶವೇ ಕಾರಣವಾಗಿದ್ದರೆ ರೋಗದ ಚಿತ್ರ ಇಷ್ಟು ಬೇಗ ಬದಲಾಗುತ್ತಿರಲಿಲ್ಲ ಎಂಬುದೇ ನನ್ನ ಮುಖ್ಯ ವಾದ. ಇಂಗ್ಲೆಂಡಿನಲ್ಲಿ ಕ್ಷಯದ ಸಾವುಗಳು, 1940ರ ದಶಕದಲ್ಲಿ ಕ್ಷಯದ ಮೊದಲ ಪರಿಣಾಮಕಾರಿ ಔಷಧ ಸ್ಟ್ರೆಪ್ಟೊಮೈಸಿನ್ ಬರುವ ಮೊದಲೇ, ನೂರು ವರ್ಷಗಳಲ್ಲಿ ಬಹುಪಾಲು ಇಳಿದುಹೋಗಿದ್ದವು. ಮೂರು ನಾಲ್ಕು ತಲೆಮಾರಿನಲ್ಲಿ ಒಂದು ಜನಾಂಗದ ರಕ್ತ ಬದಲಾಗುವುದಿಲ್ಲ, ಊಟ, ವಸತಿ, ಕಿಟಕಿ ಬದಲಾಗುತ್ತವೆ. ನಮ್ಮಲ್ಲಿಯೂ ಅಷ್ಟೆ. ಜಾರ್ಖಂಡಿನ ರೋಗಿಗಳ ಮನೆಯವರಿಗೆ ಹೆಚ್ಚುವರಿ ಆಹಾರ ಕೊಟ್ಟು ನಡೆಸಿದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆ ಮನೆಗಳ ಹೊಸ ಕ್ಷಯ ಪ್ರಕರಣಗಳು ಸುಮಾರು ಶೇ 39ರಷ್ಟು ಕಡಿಮೆಯಾದವು. ವಂಶ ಅದೇ, ತಟ್ಟೆ ಮಾತ್ರ ಬೇರೆ. ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ನಾನು ಕೊಡಲಾರೆ.

ಇದೇ ಸಾಲಿನ ಇನ್ನೊಂದು ತಪ್ಪು ತಿಳಿವಳಿಕೆಯೆಂದರೆ ಕ್ಷಯ ಪಟ್ಟಣದ ಕಾಯಿಲೆ ಎಂಬುದು. 1955–58ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲೇ ಹಳ್ಳಿಗಳಲ್ಲೂ ರೋಗ ಹೆಚ್ಚುಕಡಿಮೆ ಪಟ್ಟಣದಷ್ಟೇ ಕಂಡುಬಂದಿತ್ತು. ಸೋಂಕು ತಗುಲಿದವರಲ್ಲಿ ಜೀವಮಾನದಲ್ಲಿ ರೋಗಕ್ಕೆ ತುತ್ತಾಗುವವರು ನೂರಕ್ಕೆ ಐದರಿಂದ ಹತ್ತು ಮಂದಿ. ಆ ಹತ್ತರಲ್ಲಿ ಯಾರು ಸೇರುತ್ತಾರೆಂಬುದನ್ನು ಅಪೌಷ್ಟಿಕತೆ, ಸಕ್ಕರೆ ಕಾಯಿಲೆ, ಎಚ್‌ಐವಿ, ಬೀಡಿ ಸಿಗರೇಟು, ಹೆಂಡ ಬಹುಮಟ್ಟಿಗೆ ತೀರ್ಮಾನಿಸುತ್ತವೆ. ನಮ್ಮ ಐಟಿ ಕಾರಿಡಾರಿನ ಮಧುಮೇಹಿಗೂ ಇದು ಅನ್ವಯಿಸುತ್ತದೆ.

ಯಾರೂ ಕೇಳದಿದ್ದರೂ ಒಂದು ಮಾತು ಹೇಳಬೇಕೆನಿಸುತ್ತದೆ. ರೋಗ ಇಳಿಮುಖವಾದ ದೇಶಗಳಲ್ಲಿ ವಯಸ್ಸಿನ ಪಟ್ಟಿ ನೋಡಿದವರು ‘ಕ್ಷಯ ಮುದುಕರ ರೋಗ’ ಎಂದುಕೊಳ್ಳುತ್ತಾರೆ. ಅಮೆರಿಕದ ಸಾಂಕ್ರಾಮಿಕ ರೋಗತಜ್ಞ ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಮ್ಯಾಸಚೂಸೆಟ್ಸ್ ರಾಜ್ಯದ ಸಾವಿನ ದಾಖಲೆಗಳನ್ನು ಹುಟ್ಟಿದ ದಶಕದ ಪ್ರಕಾರ ಮರುಜೋಡಿಸಿದಾಗ, 1939ರಲ್ಲಿ ಅವರ ಮರಣಾನಂತರ ಪ್ರಕಟವಾದ ಆ ಲೇಖನದಲ್ಲಿ, ಬೇರೆಯೇ ಚಿತ್ರ ಮೂಡಿತು. ಇಳಿವಯಸ್ಸಿನಲ್ಲಿ ಹೆಚ್ಚು ಸಾಯುತ್ತಿರುವಂತೆ ಕಾಣುತ್ತಿದ್ದ ಅದೇ ಪೀಳಿಗೆ, ತನ್ನ ಇಪ್ಪತ್ತರ ವಯಸ್ಸಿನಲ್ಲಿ ಅದಕ್ಕಿಂತಲೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತ್ತು. ಎಳೆಯ ವಯಸ್ಸಿನಲ್ಲಿ ತಗುಲಿದ ಸೋಂಕು ದೇಹದಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಮುಪ್ಪಿನಲ್ಲಿ ತಲೆಯೆತ್ತಬಹುದು. ಅಂದರೆ ವೃದ್ಧರ ಅಂಕಿಸಂಖ್ಯೆ ಬಹುಪಾಲು ಅವರ ಯೌವನದ ಊರಿನ ಕಥೆ. ಇಂದಿನ ಊರನ್ನು ತಿಳಿಯಬೇಕಾದರೆ ಮಕ್ಕಳನ್ನು ನೋಡಬೇಕು. ಪುಟ್ಟ ಮಗುವಿಗೆ ಕ್ಷಯ ಬಂದರೆ ಆ ಸೋಂಕು ಹೊಸದು, ಆದ್ದರಿಂದಲೇ ಆರೋಗ್ಯ ಕಾರ್ಯಕರ್ತೆ ಆ ಮನೆಗೆ ಬಂದಾಗ ಮೊದಲು ಕೇಳುವುದು ಇಲ್ಲಿ ಕೆಮ್ಮುತ್ತಿರುವ ದೊಡ್ಡವರು ಯಾರೆಂದು.