ದಂಡ ಕಟ್ಟಿ ಮುಗಿಸಿದ ಹಳೆಯ ಕೇಸನ್ನು ದಾಖಲೆಯಿಂದ ತೆಗೆಸಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವನು. 2014ರ ದೀಪಾವಳಿ ಸಮಯದಲ್ಲಿ ಊರಿನ ಕೆಲವರೊಂದಿಗೆ ಇಸ್ಪೀಟು ಆಡುತ್ತಿದ್ದಾಗ ಪೊಲೀಸರು ಹಿಡಿದು ಕೇಸು ಹಾಕಿದರು. ಆಗ ನನಗೆ 19 ವರ್ಷ. ಕೋರ್ಟಿನಲ್ಲಿ ಎಲ್ಲರೂ ತಪ್ಪೊಪ್ಪಿಕೊಂಡು ತಲಾ 200 ರೂಪಾಯಿ ದಂಡ ಕಟ್ಟಿ ಬಂದೆವು. 2018ರಲ್ಲಿ ಬೇಲಿಯ ವಿಚಾರಕ್ಕೆ ಪಕ್ಕದ ತೋಟದವರೊಂದಿಗೆ ಹೊಡೆದಾಟವಾಗಿ ಇನ್ನೊಂದು ಕೇಸಾಯಿತು. ಅದು ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಈಗ ಸರ್ಕಾರಿ ಹುದ್ದೆಯೊಂದಕ್ಕೆ ಆಯ್ಕೆಯಾಗಿದ್ದೇನೆ, ಪೊಲೀಸ್ ವೆರಿಫಿಕೇಶನ್ ಬಾಕಿಯಿದೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ, ಅಲ್ಲಿ ಹಳೆಯ ಕೇಸುಗಳನ್ನು ಕೋರ್ಟಿನ ಮೂಲಕ ಅಳಿಸಿಹಾಕಿಸಬಹುದು, ಅದಕ್ಕೆ ‘ಎಕ್ಸ್‌ಪಂಜ್‌ಮೆಂಟ್’ ಎನ್ನುತ್ತಾರೆ ಎಂದು ಹೇಳುತ್ತಾನೆ. ನಮ್ಮಲ್ಲಿ ಅದು ಸಾಧ್ಯವೇ?

ಉತ್ತರ: ನಿಮ್ಮ ಸಹೋದರ ಹೇಳಿದ್ದು ಅಲ್ಲಿನ ಮಟ್ಟಿಗೆ ಸರಿ. ಅಮೆರಿಕದ ಹಲವು ರಾಜ್ಯಗಳಲ್ಲಿ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು ಕೆಲವು ಬಗೆಯ ಹಳೆಯ ದಾಖಲೆಗಳನ್ನು ಅಳಿಸುವ ಇಲ್ಲವೇ ಮುಚ್ಚಿಡುವ ಅವಕಾಶವಿದೆ. ಬ್ರಿಟನ್ನಿನಲ್ಲಿಯೂ 1974ರ ಕಾಯ್ದೆಯೊಂದರ ಪ್ರಕಾರ ಸಣ್ಣ ಶಿಕ್ಷೆಗಳು ನಿಗದಿತ ಅವಧಿ ಕಳೆದ ಮೇಲೆ ತೀರಿಹೋದವೆಂದು ಎಣಿಸಲಾಗುತ್ತದೆ. ಭಾರತದಲ್ಲಿ ವಯಸ್ಕರಿಗೆ ಅನ್ವಯಿಸುವ ಅಂತಹ ಸಾಮಾನ್ಯ ಕಾನೂನು ಇಲ್ಲ. ಇರಬೇಕಿತ್ತು ಎಂಬುದು ಶಿವಮೊಗ್ಗ ಜಿಲ್ಲೆಯ ನ್ಯಾಯಾಲಯಗಳಲ್ಲಿ ವಕೀಲಿಕೆ ಮಾಡುತ್ತ ಬಂದಿರುವ ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಹತ್ತೊಂಬತ್ತರ ಹುಡುಗನೊಬ್ಬ ಹಬ್ಬದ ದಿನ ಎಲೆ ಹಿಡಿದು ಕುಳಿತದ್ದಕ್ಕೆ ಮೂವತ್ತು ದಾಟಿದ ಮೇಲೂ ಉತ್ತರ ಹೇಳುತ್ತ ಓಡಾಡಬೇಕಾದ ಸ್ಥಿತಿಯನ್ನು ಮೇಲಿಂದ ಮೇಲೆ ನೋಡಿದ್ದೇನೆ. ಆದರೆ ಅಳಿಸಲಾಗದು ಎಂದ ಮಾತ್ರಕ್ಕೆ ನಿಮ್ಮ ದಾರಿ ಮುಚ್ಚಿತೆಂದು ತಿಳಿಯಬೇಡಿ. ನಮ್ಮ ಕಾನೂನಿನಲ್ಲಿ ಮುಖ್ಯವಾದದ್ದು ಕೇಸು ಯಾವ ಆದೇಶದಿಂದ ಮುಗಿಯಿತು ಎಂಬುದು. ನಿಮ್ಮ ಎರಡು ಕೇಸುಗಳು ಮುಗಿದಿರುವ ರೀತಿ ಬೇರೆ ಬೇರೆಯಾಗಿರುವುದರಿಂದ ಒಂದೊಂದಾಗಿಯೇ ನೋಡಬೇಕು.

ಮೊದಲು ಇಸ್ಪೀಟಿನ ಕೇಸು. ಸಾರ್ವಜನಿಕ ಸ್ಥಳದಲ್ಲಿ ಜೂಜಾಡಿದ್ದಕ್ಕೆ ನಮ್ಮ ಠಾಣೆಗಳಲ್ಲಿ ಸಾಮಾನ್ಯವಾಗಿ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮಿನಡಿ ಕೇಸು ದಾಖಲಾಗುತ್ತದೆ. ‘ದಂಡ ಕಟ್ಟಿ ಮುಗಿಸಿದೆವು’ ಎಂದು ನೀವು ಬರೆದಿದ್ದೀರಿ. ನಮ್ಮ ಕಡೆ ಎಲ್ಲರೂ ಹೇಳುವುದು ಹಾಗೆಯೇ. ಆದರೆ ನ್ಯಾಯಾಲಯದ ಆದೇಶ ಹಾಳೆಯಲ್ಲಿ ಅಂದು ಬರೆದಿರುವುದು, ಆರೋಪಿಗಳು ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿದ್ದಾರೆ, ಅವರನ್ನು ದೋಷಿಗಳೆಂದು ತೀರ್ಮಾನಿಸಿ ದಂಡ ವಿಧಿಸಲಾಗಿದೆ ಎಂದು. ಅಂದರೆ ಅದು ಶಿಕ್ಷೆ. ಜೈಲಿಗೆ ಹೋಗಲಿಲ್ಲ, ಮೊತ್ತ ಚಿಕ್ಕದು, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು ಎಂಬ ಯಾವ ಕಾರಣಕ್ಕೂ ಅದರ ಕಾನೂನು ಸ್ವರೂಪ ಬದಲಾಗುವುದಿಲ್ಲ. ಬಸ್ ಹಿಡಿದು ಕೊಯ್ಲಿನ ಕೆಲಸಕ್ಕೆ ಮರಳುವ ಅವಸರದಲ್ಲಿ ಸಾಲಾಗಿ ನಿಂತು ‘ಒಪ್ಪಿಕೊಳ್ತೇವೆ ಸ್ವಾಮಿ’ ಎಂದವರಲ್ಲಿ ಎಷ್ಟು ಮಂದಿಗೆ ಈ ವಿಷಯ ಗೊತ್ತಿರುತ್ತದೆ? ಗೊತ್ತುಮಾಡಿಕೊಡಬೇಕಾದವರಲ್ಲಿ ನಾವು ವಕೀಲರೂ ಸೇರಿದ್ದೇವೆ ಎಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು.

ತಪ್ಪೊಪ್ಪಿಗೆಯ ಮೇಲೆ ಆದ ಶಿಕ್ಷೆಯ ವಿರುದ್ಧ, ಶಿಕ್ಷೆಯ ಪ್ರಮಾಣ ಅಥವಾ ಕಾನೂನುಬದ್ಧತೆಯನ್ನು ಬಿಟ್ಟರೆ ಬೇರೆ ಕಾರಣಕ್ಕೆ ಮೇಲ್ಮನವಿ ಇಲ್ಲ. ಉಳಿಯುವುದು ಸೆಷನ್ಸ್ ನ್ಯಾಯಾಲಯದಲ್ಲಿ ಪುನರೀಕ್ಷಣಾ ಅರ್ಜಿ, ಅಂದರೆ ಕೆಳಗಿನ ನ್ಯಾಯಾಲಯದ ಆದೇಶ ಸರಿಯಿದೆಯೇ ಎಂದು ಪರಿಶೀಲಿಸುವಂತೆ ಕೋರುವ ಅರ್ಜಿ ಮಾತ್ರ. ಅದಕ್ಕೆ ಇರುವ ಅವಧಿ 90 ದಿನ. ನೀವು ವರ್ಷಗಳೇ ತಡವಾಗಿದ್ದೀರಿ, ಆ ವಿಳಂಬಕ್ಕೆ ನ್ಯಾಯಾಧೀಶರು ಒಪ್ಪುವಂತಹ ಕಾರಣ ಕೊಡಬೇಕು. ಅರ್ಜಿಯಲ್ಲಿ ಹುರುಳಿರಬಹುದಾದ ಒಂದು ಸಂದರ್ಭವಿದೆ. ಅಂದು ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 252ನೇ ಕಲಮಿನ ಪ್ರಕಾರ, ಆರೋಪಿ ತಪ್ಪೊಪ್ಪಿಕೊಂಡರೆ ಮ್ಯಾಜಿಸ್ಟ್ರೇಟರು ಆ ಒಪ್ಪಿಗೆಯನ್ನು ಸಾಧ್ಯವಾದಷ್ಟು ಆರೋಪಿಯ ಮಾತಿನಲ್ಲಿಯೇ ದಾಖಲಿಸಬೇಕಿತ್ತು. ಆರೋಪವೇನೆಂದು ತಿಳಿಸದೆ, ಮುದ್ರಿತ ನಮೂನೆಯಲ್ಲಿ ಎಲ್ಲರಿಗೂ ಒಂದೇ ಸಾಲು ಬರೆದು ಮುಗಿಸಿದ ಪ್ರಕರಣಗಳಲ್ಲಿ ಮೇಲಿನ ನ್ಯಾಯಾಲಯಗಳು ಶಿಕ್ಷೆಯನ್ನು ರದ್ದುಪಡಿಸಿರುವುದುಂಟು. ಆದರೆ ಹಾಗೆ ರದ್ದಾದರೆ ಕೇಸು ಮತ್ತೆ ವಿಚಾರಣೆಗೆ ಮರಳಬಹುದು. ಕೆಲಸಕ್ಕೆ ಸೇರುವ ಹೊಸ್ತಿಲಲ್ಲಿ ವಿಚಾರಣೆಯಲ್ಲಿರುವ ಕೇಸೊಂದನ್ನು ಮೈಮೇಲೆ ಎಳೆದುಕೊಳ್ಳುವುದಕ್ಕಿಂತ, ಹನ್ನೊಂದು ವರ್ಷಕ್ಕೂ ಹಿಂದೆ ಮುಗಿದ ಸಣ್ಣ ದಂಡವನ್ನು ಇರುವಂತೆಯೇ ಹೇಳಿಕೊಳ್ಳುವುದು ಮೇಲು ಎಂದು ನನಗೆ ತೋರುತ್ತದೆ.

ಇಲ್ಲಿ ಒಂದು ಮಾತನ್ನು ಇತರ ಓದುಗರಿಗಾಗಿ ಹೇಳಬೇಕು. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1958ರ 3 ಅಥವಾ 4ನೇ ಕಲಮಿನಡಿ ನ್ಯಾಯಾಲಯವು ಆರೋಪಿಗೆ ಶಿಕ್ಷೆ ವಿಧಿಸದೆ, ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಹಾಗೆ ಬಿಟ್ಟವರಿಗೆ, ದೋಷಿಯೆಂಬ ತೀರ್ಮಾನದಿಂದ ಅಂಟಿಕೊಳ್ಳುವ ಅನರ್ಹತೆ ತಟ್ಟುವುದಿಲ್ಲ ಎಂದು ಅದೇ ಕಾಯ್ದೆಯ 12ನೇ ಕಲಮು ಹೇಳುತ್ತದೆ. ದೋಷಿಯೆಂಬ ತೀರ್ಮಾನ ಮಾತ್ರ ಉಳಿಯುತ್ತದೆ, ಈಗಾಗಲೇ ನೌಕರಿಯಲ್ಲಿರುವವರ ಮೇಲೆ ಇಲಾಖೆ ಕ್ರಮ ಕೈಗೊಳ್ಳುವುದನ್ನು ಅದು ತಡೆಯದು. ಆದರೂ ತಪ್ಪೊಪ್ಪಿಕೊಳ್ಳಲೇಬೇಕೆಂದಿರುವ ಯುವಕರು ದಂಡ ಕಟ್ಟುವ ಮುನ್ನವೇ ಈ ಕಾಯ್ದೆಯ ಅನುಕೂಲ ಕೊಡಬೇಕೆಂದು ಕೇಳಿಕೊಳ್ಳಲಿ. ಕೇಳದಿದ್ದರೆ ಅದನ್ನು ನೆನಪಿಸುವವರು ಅಪರೂಪ.

ಬೇಲಿಯ ಜಗಳದ ಕೇಸಿನಲ್ಲಿ ನಿಮ್ಮ ಸ್ಥಿತಿ ತುಂಬಾ ಉತ್ತಮವಾಗಿದೆ. ಅದು ಭಾರತೀಯ ದಂಡ ಸಂಹಿತೆಯ 323 ಮತ್ತು 504ನೇ ಕಲಮುಗಳಂತಹ ರಾಜಿಯಾಗಬಲ್ಲ ಅಪರಾಧಗಳದ್ದಾಗಿದ್ದು, ದೂರುದಾರರು ನ್ಯಾಯಾಲಯದ ಮುಂದೆ ರಾಜಿಗೆ ಒಪ್ಪಿದ್ದರೆ, ಆ ರಾಜಿಗೆ ಖುಲಾಸೆಯ ಪರಿಣಾಮವಿರುತ್ತದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಮಿನ 8ನೇ ಉಪಕಲಮು ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿಯೂ ಅದೇ ಇದೆ. ಆದೇಶದಲ್ಲಿ ‘ಲೋಕ ಅದಾಲತ್‌ನಲ್ಲಿ ರಾಜಿಯಾಗಿದೆ’ ಎಂದಷ್ಟೇ ಇದ್ದರೆ ಕಚೇರಿಯ ಗುಮಾಸ್ತರಿಗೆ ಅದರ ಅರ್ಥವಾಗದೆ ಹೋಗಬಹುದು. ಆದ್ದರಿಂದ ಈ ಉಪಕಲಮನ್ನು ನಿಮ್ಮ ವಿವರಣೆಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಆಯುಧದಿಂದ ಗಾಯಪಡಿಸಿದ 324ರಂತಹ ಕಲಮು ಸೇರಿದ್ದರೆ ಕೆಳಗಿನ ನ್ಯಾಯಾಲಯ ರಾಜಿ ಮಾಡಿಸಲಾಗದು. ಅಂಥ ಕೇಸುಗಳಲ್ಲಿ ಇಬ್ಬರೂ ಒಪ್ಪಿ ಹೈಕೋರ್ಟಿಗೆ ಹೋಗಿ ಕೇಸನ್ನು ರದ್ದುಪಡಿಸಿಕೊಳ್ಳುವ ದಾರಿಯನ್ನು ಸುಪ್ರೀಂ ಕೋರ್ಟ್ 2012ರ ಗ್ಯಾನ್ ಸಿಂಗ್ ಪ್ರಕರಣದಲ್ಲಿ ಖಚಿತಪಡಿಸಿದೆ. ಸಾಗರದವರು ಇದಕ್ಕೆ ಬೆಂಗಳೂರಿಗೆ ಹೋಗಬೇಕು, ಪಕ್ಕದ ಸಿದ್ದಾಪುರದವರು ಧಾರವಾಡ ಪೀಠಕ್ಕೆ.

ಖುಲಾಸೆಯಾದರೆ ಠಾಣೆಯ ದಾಖಲೆ ತಾನಾಗಿಯೇ ಹೋಗುತ್ತದೆಯೇ ಎಂದರೆ, ಇಲ್ಲ. ಎಫ್‌ಐಆರ್ ಪೊಲೀಸ್ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ವೆರಿಫಿಕೇಶನ್ ವೇಳೆ ಹೆಸರು ಹುಡುಕಿದಾಗ ಕಾಣುತ್ತದೆ. ಅದರ ಪಕ್ಕದಲ್ಲಿ ಕೇಸು ಏನಾಯಿತು ಎಂಬ ಕಾಲಂ ತುಂಬಿದೆಯೇ ಎಂಬುದೇ ನಿಮ್ಮ ಆಸಕ್ತಿಯ ವಿಷಯವಾಗಬೇಕು. ಎಷ್ಟೋ ಸಲ ಆ ಕಾಲಂನಲ್ಲಿ ‘ವಿಚಾರಣೆಯಲ್ಲಿದೆ’ ಎಂದೇ ಇರುತ್ತದೆ, ಏಕೆಂದರೆ ನ್ಯಾಯಾಲಯದ ಆದೇಶ ಠಾಣೆಗೆ ತಲುಪಿರುವುದಿಲ್ಲ ಅಥವಾ ತಲುಪಿದ್ದನ್ನು ಯಾರೂ ನಮೂದಿಸಿರುವುದಿಲ್ಲ. ಆದೇಶದ ಪ್ರತಿಯನ್ನು ಲಗತ್ತಿಸಿ ಠಾಣೆಗೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೆಸರನ್ನೇ ಅಳಿಸಿಕೊಡುತ್ತೇನೆ ಎಂದು ದುಡ್ಡು ಕೇಳುವವರನ್ನು ಹತ್ತಿರ ಸೇರಿಸಬೇಡಿ.

ನಿಜವಾಗಿಯೂ ನಾಶಪಡಿಸಬೇಕೆಂದು ಕಾನೂನೇ ಹೇಳುವ ದಾಖಲೆಗಳು ಎರಡು ಬಗೆಯವು. ಒಂದು, ಬಂಧನದ ವೇಳೆ ತೆಗೆದುಕೊಂಡ ಬೆರಳಚ್ಚು, ಭಾವಚಿತ್ರ ಮುಂತಾದವು. 2022ರ ದಂಡ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆಯ ಪ್ರಕಾರ ಅವುಗಳನ್ನು 75 ವರ್ಷ ಇಟ್ಟುಕೊಳ್ಳಬಹುದು. ಆದರೆ ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಮೇಲ್ಮನವಿಯ ಹಂತಗಳೂ ಮುಗಿದು ಖುಲಾಸೆಯಾದರೆ, ನ್ಯಾಯಾಲಯ ಕಾರಣ ಬರೆದು ಬೇರೆ ರೀತಿ ಆದೇಶಿಸದ ಹೊರತು ಅವುಗಳನ್ನು ನಾಶಪಡಿಸಬೇಕು. ಎರಡನೆಯದು, 18 ತುಂಬದವರ ದಾಖಲೆಗಳು. 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮು, ಬಾಲ್ಯದಲ್ಲಿ ಮಾಡಿದ ತಪ್ಪಿನಿಂದ ಮುಂದೆ ಯಾವ ಅನರ್ಹತೆಯೂ ಬರಬಾರದು ಎನ್ನುತ್ತದೆ, ದಾಖಲೆಗಳ ನಾಶಕ್ಕೂ ನಿರ್ದೇಶನ ಕೊಡುತ್ತದೆ. 16 ತುಂಬಿದ ಮೇಲೆ ಘೋರ ಅಪರಾಧ ಮಾಡಿ, ವಯಸ್ಕನಂತೆ ವಿಚಾರಣೆಗೊಳಗಾಗಿ ದೋಷಿಯೆಂದು ತೀರ್ಮಾನವಾದವರಿಗೆ ಮಾತ್ರ ಈ ರಕ್ಷಣೆಯಿಲ್ಲ. ಒಂದು ವರ್ಷದ ಅಂತರದಲ್ಲಿ ನೀವು ಈ ಕಾಯ್ದೆಯ ಆಸರೆಯಿಂದ ತಪ್ಪಿಹೋಗಿದ್ದೀರಿ. ನಿಮ್ಮೊಂದಿಗೆ ಸಿಕ್ಕಿಬಿದ್ದವರಲ್ಲಿ ಅಂದು 18 ತುಂಬದವರು ಯಾರಾದರೂ ಇದ್ದಿದ್ದರೆ, ವಯಸ್ಕರ ನ್ಯಾಯಾಲಯದಲ್ಲಿ ಅವರಿಗೆ ದಂಡ ಹಾಕಿದ್ದೇ ತಪ್ಪಾಗುತ್ತದೆ. ಶಾಲೆಯ ಜನ್ಮದಿನಾಂಕದ ದಾಖಲೆಯೊಂದಿಗೆ ಅದನ್ನು ಈಗಲೂ ಪ್ರಶ್ನಿಸಬಹುದು.

ಇನ್ನು ಪೊಲೀಸ್ ವೆರಿಫಿಕೇಶನ್‌ಗಾಗಿ ನೀವು ತುಂಬಬೇಕಾದ ದೃಢೀಕರಣ ನಮೂನೆಗೆ ಬರೋಣ. ಎಲ್ಲಕ್ಕಿಂತ ಹೆಚ್ಚು ಜಾಗ್ರತೆ ಬೇಕಿರುವುದು ಇಲ್ಲಿಯೇ. ಅದರ ಪ್ರಶ್ನೆಯನ್ನು ಪದ ಪದವಾಗಿ ಓದಿ. ‘ಶಿಕ್ಷೆಯಾಗಿದೆಯೇ’ ಎಂದಷ್ಟೇ ಕೇಳಿದ್ದರೆ ರಾಜಿಯಾದ ಕೇಸು ಅದರೊಳಗೆ ಬರುವುದಿಲ್ಲ. ಆದರೆ ಇಂತಹ ನಮೂನೆಗಳಲ್ಲಿ ಸಾಮಾನ್ಯವಾಗಿ ಎಂದಾದರೂ ದಸ್ತಗಿರಿಯಾಗಿದ್ದೀರಾ, ನಿಮ್ಮ ಮೇಲೆ ಮೊಕದ್ದಮೆ ನಡೆದಿದೆಯೇ, ಮುಚ್ಚಳಿಕೆ ಬರೆಸಿಕೊಂಡಿದ್ದಾರೆಯೇ, ದಂಡ ವಿಧಿಸಿದ್ದಾರೆಯೇ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಿರುತ್ತದೆ. ಹಾಗಿದ್ದರೆ ಎರಡೂ ಕೇಸುಗಳನ್ನು ಬರೆಯಲೇಬೇಕು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಬಿಡಿಸಿ ಹೇಳಿದೆ. ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು. ಮಾಹಿತಿ ಮುಚ್ಚಿಟ್ಟಲ್ಲಿಯೂ ಅಪರಾಧ ಕ್ಷುಲ್ಲಕ ಸ್ವರೂಪದ್ದಾಗಿದ್ದರೆ, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹದ್ದಾಗಿದ್ದರೆ, ನೇಮಕಾತಿ ಪ್ರಾಧಿಕಾರ ಅದನ್ನು ಮನ್ನಿಸಬಹುದು. ಸತ್ಯವನ್ನೇ ಹೇಳಿದ್ದರೂ ಹಿನ್ನೆಲೆಯನ್ನು ಪರಿಶೀಲಿಸುವ ಅಧಿಕಾರ ಆ ಪ್ರಾಧಿಕಾರಕ್ಕೆ ಉಂಟು. ಘೋಷಣೆಯ ಆ ಉದಾಹರಣೆ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದ ಈ ಜಿಲ್ಲೆಗೆ ಹೇಳಿ ಮಾಡಿಸಿದಂತಿದೆ. ಚಳವಳಿಯ ಕೇಸು ಹೊತ್ತ ಮನೆಗಳು ನಮ್ಮಲ್ಲಿ ಇಂದಿಗೂ ಇವೆ.

ನಿಮ್ಮ ದಂಡದ ಕೇಸು ಕ್ಷುಲ್ಲಕ ವರ್ಗಕ್ಕೆ ಸೇರುತ್ತದೆಂದು ವಾದಿಸಲು ವಯಸ್ಸು, ದಂಡದ ಮೊತ್ತ, ಕಳೆದ ವರ್ಷಗಳು ಎಲ್ಲವೂ ನಿಮ್ಮ ಪರವಾಗಿವೆ. ಮುಚ್ಚಿಟ್ಟರೆ ಈ ವಾದ ಬಹುಪಾಲು ಕೈತಪ್ಪುತ್ತದೆ, ಏಕೆಂದರೆ ಆಮೇಲೆ ಪ್ರಶ್ನೆ ಇಸ್ಪೀಟಿನದ್ದಾಗಿ ಉಳಿಯದೆ ಸುಳ್ಳಿನದ್ದಾಗುತ್ತದೆ. ‘ಅದೇನು ಕೇಸೇ?’ ಎಂದು ಖಾಲಿ ಬಿಟ್ಟ ಒಂದು ಕಾಲಂನಿಂದ ಕೈಗೆ ಬಂದ ನೇಮಕಾತಿ ಕಳೆದುಕೊಂಡವರು ನನ್ನ ಕಚೇರಿಯ ಬೆಂಚಿನ ಮೇಲೆ ಕುಳಿತು ಅತ್ತದ್ದನ್ನು ನಾನು ಮರೆತಿಲ್ಲ. ಪಾಸ್‌ಪೋರ್ಟಿಗೆ ನಿಮ್ಮ ಎರಡೂ ಕೇಸು ಅಡ್ಡಿಯಾಗುವುದಿಲ್ಲ: ಅರ್ಜಿಗೆ ಹಿಂದಿನ 5 ವರ್ಷಗಳಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಕನಿಷ್ಠ 2 ವರ್ಷದ ಶಿಕ್ಷೆಯಾಗಿರುವುದು ಮತ್ತು ಕೇಸು ವಿಚಾರಣೆಯಲ್ಲಿರುವುದು, ಇವು ಕಾಯ್ದೆ ಹೇಳುವ ತಡೆಗಳು. ಅಮೆರಿಕದ ವೀಸಾ ನಮೂನೆಯಾದರೋ ಕ್ಷಮಾದಾನ ಸಿಕ್ಕಿದ್ದರೂ ಸರಿ, ಎಂದಾದರೂ ಬಂಧನವಾಗಿತ್ತೇ ಎಂದು ಕೇಳುತ್ತದೆ. ನಿಮ್ಮ ಸಹೋದರನಿಗೂ ಇದನ್ನು ತಿಳಿಸಿ.

ನೀವು ಈ ವಾರವೇ ಮಾಡಬೇಕಾದದ್ದು ನಕಲು ಅರ್ಜಿ. ಎರಡೂ ಕೇಸಿನ ಸಿ.ಸಿ. ನಂಬರು (ನ್ಯಾಯಾಲಯ ಕೇಸಿಗೆ ಕೊಟ್ಟ ಸಂಖ್ಯೆ) ಹಿಡಿದು, ಆದೇಶ ಹಾಳೆ ಮತ್ತು ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ನಂಬರು ನೆನಪಿಲ್ಲದಿದ್ದರೆ ಠಾಣೆಯ ಅಪರಾಧ ಸಂಖ್ಯೆ ಮತ್ತು ವರ್ಷದಿಂದ ಹುಡುಕಿಸಬಹುದು. ಸಣ್ಣ ಕೇಸುಗಳ ಕಡತಗಳನ್ನು ನಿಗದಿತ ಅವಧಿಯ ನಂತರ ನ್ಯಾಯಾಲಯಗಳು ನಾಶಪಡಿಸುತ್ತವೆ. 2014ರ ಕಡತ ಹಾಗೆ ಹೋಗಿದ್ದರೆ, ಕಡತ ಲಭ್ಯವಿಲ್ಲ ಎಂಬ ಹಿಂಬರಹವನ್ನು ಬರವಣಿಗೆಯಲ್ಲಿ ಪಡೆಯಿರಿ. ಕಡತ ಹೋದರೂ ಶಿಕ್ಷೆ ಹೋಗುವುದಿಲ್ಲ. ಠಾಣೆಯ ವರದಿಯಲ್ಲಿ ದಂಡದ ಮೊತ್ತವೋ ಕಲಮೋ ತಪ್ಪಾಗಿ ಬಂದರೆ ಎದುರು ತೋರಿಸಲು ನಿಮ್ಮ ಬಳಿ ಬೇರೇನೂ ಇರುವುದಿಲ್ಲ. ಕಳೆದ ಮಳೆಗಾಲದಲ್ಲಿ ಕಕ್ಷಿದಾರರೊಬ್ಬರು ಇಪ್ಪತ್ತು ವರ್ಷ ಹಿಂದಿನ ಖುಲಾಸೆಯ ಪ್ರತಿ ತಂದಿದ್ದರು. ಅಟ್ಟದ ಪೆಟ್ಟಿಗೆಯಲ್ಲಿಟ್ಟಿದ್ದ ಹಾಳೆಗೆ ಬೂಷ್ಟು ಹಿಡಿದು, ಗೆದ್ದಲು ಒಂದು ಅಂಚನ್ನು ತಿಂದು, ದುಂಡು ಮೊಹರಿನ ನೇರಳೆ ಬಣ್ಣ ಅಕ್ಷರಗಳ ಮೇಲೆ ಹರಡಿತ್ತು. ‘ಬಿಡುಗಡೆ ಮಾಡಲಾಗಿದೆ’ ಎಂಬ ಸಾಲು ಮಾತ್ರ ಓದುವಂತಿತ್ತು, ಅಷ್ಟರಿಂದಲೇ ಅವರ ಕೆಲಸವಾಯಿತು. ನೀವು ಎರಡೆರಡು ಪ್ರತಿ ತೆಗೆಸಿ, ಒಂದನ್ನು ಸ್ಕ್ಯಾನ್ ಮಾಡಿಸಿಡಿ.

ವಕೀಲರ ಶುಲ್ಕ ಭಾರವೆನಿಸಿದರೆ ಶಿವಮೊಗ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಿರಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಉಚಿತ ನೆರವಿಗೆ ಅರ್ಹರು. ನಮೂನೆಯನ್ನು ಸಲ್ಲಿಸುವ ಮುನ್ನ, ಎರಡೂ ಕೇಸಿನ ನಂಬರು, ಕಲಮು, ದಿನಾಂಕ, ಫಲಿತಾಂಶವನ್ನು ಒಂದೇ ಪುಟದಲ್ಲಿ ಬರೆದು, ಪ್ರತಿಗಳನ್ನು ಲಗತ್ತಿಸಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ.