ಸ್ಕೀ ಬೂಟಿನ ಕೊಂಡಿ: ದಪ್ಪ ಮಾಡಿದರೆ ಗಟ್ಟಿಯಾಗದು

ಸ್ಕೀ ಬೂಟಿಗೆ ಕೊಂಡಿ ಮಾಡಿಸಲು ಬರುವವರು ಮುರಿದ ತುಂಡನ್ನು ಮೇಜಿನ ಮೇಲಿಟ್ಟು ಹೇಳುವ ಮಾತು ಒಂದೇ: ‘ಇದನ್ನೇ ಸ್ವಲ್ಪ ದಪ್ಪಗೆ ಮಾಡಿಕೊಡಿ.’ ಒಬ್ಬರು ಅಲ್ಯೂಮಿನಿಯಂ ಬೇಡ, ಸ್ಟೀಲ್ ಹಾಕಿ ಅನ್ನುತ್ತಾರೆ. ಇನ್ನೊಬ್ಬರು ಲಿವರನ್ನು ಎರಡು ಮಿಲಿಮೀಟರಿನಿಂದ ಮೂರಕ್ಕೆ ಏರಿಸಿ ಅನ್ನುತ್ತಾರೆ. ಮತ್ತೊಬ್ಬರಿಗೆ ರಿವೆಟ್ಟೂ ದಪ್ಪ ಬೇಕು. ಮಾಡಿಕೊಟ್ಟರೆ ಮುಂದಿನ ಚಳಿಗಾಲದಲ್ಲಿ ಕೊಂಡಿ ಗುಂಡುಕಲ್ಲಿನಂತೆ ಇರುತ್ತದೆ, ಅದು ಕೂತಿದ್ದ ಬೂಟಿನ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಮಾತ್ರ ರಿವೆಟ್ಟಿನ ರಂಧ್ರದಿಂದ ಅಂಚಿನವರೆಗೆ ಸೀಳಿರುತ್ತದೆ. ಕೊಂಡಿ ಬದಲಾಯಿಸಬಹುದಿತ್ತು. ಚಿಪ್ಪು ಸೀಳಿದರೆ ಬೂಟೇ ಗುಜರಿಗೆ.

ಮನೆಯ ಹಳೆಯ ಟಿಫಿನ್ ಕ್ಯಾರಿಯರ್ ನೆನಪಿಸಿಕೊಳ್ಳಿ. ಪಕ್ಕದ ಕ್ಲಿಪ್ಪಿನ ತಂತಿಯನ್ನು ಮೇಲಿನ ಮೂಗಿಗೆ ಸಿಕ್ಕಿಸಿ ಕೆಳಕ್ಕೆ ಒತ್ತುತ್ತೀರಿ. ಅರ್ಧ ದಾರಿಯವರೆಗೆ ಬಿಗಿಯಾಗುತ್ತಾ ಹೋಗಿ ಆಮೇಲೆ ‘ಟಕ್’ ಎಂದು ತಾನಾಗಿ ಬೀಳುತ್ತದೆ. ಸ್ಕೀ ಬೂಟಿನದೂ ಅದೇ ಯಂತ್ರ. ಲಿವರ್ ತಿರುಗುವ ಕೀಲನ್ನು ತಂತಿಕುಣಿಕೆಯ ಎಳೆತದ ಗೆರೆ ದಾಟುವ ಬಿಂದುವಿಗೆ ಮಡಿ ಬಿಂದು ಎನ್ನೋಣ. ದಾಟುವ ತನಕ ಎಳೆತ ಲಿವರನ್ನು ತೆರೆಯಲು ನೋಡುತ್ತದೆ, ದಾಟಿದ ಮೇಲೆ ಮುಚ್ಚಿಡಲು ನೋಡುತ್ತದೆ. ಬೀಗವಿಲ್ಲ, ಸ್ಪ್ರಿಂಗ್ ಇಲ್ಲ.

ಸ್ಪ್ರಿಂಗ್ ಇಲ್ಲ ಎಂದೆ. ನಿಜವಾಗಿ ಇದೆ, ಆದರೆ ಅದು ಬೂಟಿನ ಚಿಪ್ಪೇ. ಒಂದರ ಮೇಲೊಂದು ಹೊದ್ದುಕೊಂಡ ಎರಡು ಪ್ಲಾಸ್ಟಿಕ್ ಮಡಿಕೆಗಳನ್ನು ಕೊಂಡಿ ಬಾಗಿಸಿ ಹಿಡಿದಿರುತ್ತದೆ, ಅವು ವಾಪಸು ಬಿಚ್ಚಿಕೊಳ್ಳಲು ತಳ್ಳುವ ಬಲವೇ ಬಿಗಿ. ಸ್ವಿಟ್ಜರ್ಲೆಂಡಿನ ಹೆಂಕೆ ಕಂಪನಿ 1955ರಲ್ಲಿ ಲೇಸಿನ ಬದಲು ಕೊಂಡಿಯ ಬೂಟನ್ನು ಮಾರುಕಟ್ಟೆಗೆ ತಂದಾಗ ಬೂಟು ಚರ್ಮದ್ದು. ಚರ್ಮ ಹಿಗ್ಗುತ್ತದೆ, ಕೊಂಡಿ ಎಳೆಯುವ ದೂರ ಮಾತ್ರ ಅಷ್ಟೇ. ಅಮೆರಿಕದ ಬಾಬ್ ಲ್ಯಾಂಗೆ 1960ರ ದಶಕದಲ್ಲಿ ಪ್ಲಾಸ್ಟಿಕ್ ಬೂಟು ತಂದ ಮೇಲೆಯೇ ಕೊಂಡಿಗೆ ತಕ್ಕ ಜೋಡಿ ಸಿಕ್ಕಿತು. ಹಾಗಾಗಿ ಕೊಂಡಿಯನ್ನು ಒಂಟಿ ಭಾಗವೆಂದು ವಿನ್ಯಾಸ ಮಾಡಲು ಹೊರಡುವವರು ಮೊದಲ ಹೆಜ್ಜೆಯಲ್ಲೇ ತಪ್ಪುತ್ತಾರೆ.

ಲೆಕ್ಕ ಹಾಕೋಣ. ಕಣಕಾಲಿನ ಭಾಗದ ಲಿವರ್ 65 ಮಿ.ಮೀ. ಉದ್ದ, ಕೀಲಿನಿಂದ ತಂತಿ ಕಚ್ಚುವ ಜಾಗಕ್ಕೆ 13 ಮಿ.ಮೀ. ಎಂದಿಟ್ಟುಕೊಳ್ಳಿ. ಐದು ಪಟ್ಟು ಸನ್ನೆ. ಗ್ಲೌಸ್ ಹಾಕಿದ ಕೈ ಹತ್ತು ಕಿಲೋ ಒತ್ತಿದರೆ ಎಳೆತ 50 ಕಿಲೋ, ಸುಮಾರು 500 ನ್ಯೂಟನ್. ಮಡಿ ಬಿಂದುವಿನ ಹತ್ತಿರ ಅನುಪಾತ ಇನ್ನೂ ಏರುತ್ತದೆ, ಅದನ್ನು ಸದ್ಯ ಬಿಡೋಣ. ಈ 500 ನ್ಯೂಟನ್ 3 ಮಿ.ಮೀ. ಸ್ಟೇನ್‌ಲೆಸ್ ತಂತಿಯ ಎರಡು ಕಾಲುಗಳಲ್ಲಿ ಹಂಚಿಹೋದರೆ ಒಂದೊಂದರಲ್ಲಿ ಬರುವ ಒತ್ತಡ 35 ಮೆಗಾಪಾಸ್ಕಲ್, ಅಂದರೆ ಚದರ ಮಿಲಿಮೀಟರಿಗೆ 35 ನ್ಯೂಟನ್. ಸ್ಪ್ರಿಂಗ್ ದರ್ಜೆಯ ತಂತಿಗೆ ಇದು ಸೊಳ್ಳೆ ಕಡಿತ. ಅದೇ 500 ನ್ಯೂಟನ್ 4 ಮಿ.ಮೀ. ದಪ್ಪದ ಪಾಲಿಯುರೆಥೇನ್ ಚಿಪ್ಪಿನಲ್ಲಿ ಕೂತ 4 ಮಿ.ಮೀ.ನ ಒಂದೇ ರಿವೆಟ್ಟಿನ ಮೇಲೆ ಬಿದ್ದರೆ? ರಂಧ್ರದ ಗೋಡೆಯ ಮೇಲೆ 31 ಮೆಗಾಪಾಸ್ಕಲ್. ಲೋಹಕ್ಕೆ ನಗಣ್ಯವಾದ ಈ ಅಂಕಿ ಪ್ಲಾಸ್ಟಿಕ್ಕಿಗೆ ಕುತ್ತಿಗೆಮಟ್ಟದ ನೀರು. ದಿನವಿಡೀ ಅದೇ ಬಲದಲ್ಲಿ ನಿಂತರೆ ರಂಧ್ರ ನಿಧಾನವಾಗಿ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ, ಒಂದು ದಿನ ರಿವೆಟ್ಟಿನ ತಲೆ ಒಳಗಿನಿಂದ ನುಸುಳಿ ಬರುತ್ತದೆ. ಲಿವರನ್ನು ದಪ್ಪ ಮಾಡಿ ಎನ್ನುವವರು ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಹಾಗಾದರೆ ಲಿವರ್ ಮುರಿಯುವುದೇ ಇಲ್ಲವೇ? ಮುರಿಯುತ್ತದೆ, ಆದರೆ ಎಳೆತದಿಂದಲ್ಲ. ಪಕ್ಕದ ಸ್ಕೀಯ ಉಕ್ಕಿನ ಅಂಚು ಬಡಿಯುತ್ತದೆ, ಬಾಡಿಗೆ ಅಂಗಡಿಯ ಸಿಮೆಂಟ್ ನೆಲಕ್ಕೆ ಬೂಟು ಬೀಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಊಟಕ್ಕೆ ಹೋಗುವಾಗ ಕೊಂಡಿ ಪೂರ್ತಿ ತೆರೆದು ಜೋತಾಡಿಸಿಕೊಂಡು ನಡೆಯುತ್ತಾರೆ, ಮೆಟ್ಟಿಲಿಗೆ, ಬಾಗಿಲಿಗೆ, ತಮ್ಮದೇ ಇನ್ನೊಂದು ಕಾಲಿಗೆ ಅದು ತಗಲುತ್ತದೆ. ಇವೆಲ್ಲ ಅಡ್ಡ ಪೆಟ್ಟುಗಳು. ಅಡ್ಡ ಪೆಟ್ಟಿಗೆ ಮದ್ದು ದಪ್ಪವಲ್ಲ, ಕುಳ್ಳುತನ. ಮುಚ್ಚಿದಾಗ ಲಿವರ್ ಚಿಪ್ಪಿನಿಂದ 10–12 ಮಿ.ಮೀ.ಗಿಂತ ಹೆಚ್ಚು ಹೊರಗೆ ನಿಲ್ಲಬಾರದು. ದಪ್ಪ ಮಾಡಿದಷ್ಟೂ ಅದು ಹೊರಗೆ ಚಾಚಿ ಪೆಟ್ಟನ್ನು ಕರೆದು ತರುತ್ತದೆ, ಮತ್ತು ಆ ಪೆಟ್ಟನ್ನು ತಾನು ತಿನ್ನದೆ, ಲಿವರನ್ನು ಚಿಪ್ಪಿಗೆ ಹಿಡಿದಿಡುವ ಬೇಸ್ ಪ್ಲೇಟಿಗೆ, ಅಲ್ಲಿಂದ ಚಿಪ್ಪಿಗೆ ದಾಟಿಸುತ್ತದೆ.

ಪಂಪ್‌ಸೆಟ್ಟಿನ ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಿ ಮೋಟಾರನ್ನೇ ಸುಟ್ಟುಕೊಂಡವರ ಕಥೆ ನಮ್ಮ ಹಳ್ಳಿಗಳಲ್ಲಿ ಯಾರಿಗೆ ಗೊತ್ತಿಲ್ಲ? ಇಲ್ಲಿಯೂ ಅಷ್ಟೇ. ಬಾಳಿಕೆ ಎಂದರೆ ಮುರಿಯದಿರುವುದಲ್ಲ. ಮುರಿಯುವುದು ಯಾವುದೆಂದು ಮೊದಲೇ ತೀರ್ಮಾನಿಸಿ, ಆ ತುಂಡನ್ನು ಅಗ್ಗವಾಗಿಸಿ, ಐದು ನಿಮಿಷದಲ್ಲಿ ಬದಲಾಗುವಂತೆ ಮಾಡುವುದು. ಆದ್ದರಿಂದ ಚಿತ್ರ ಬರೆಯುವ ಮುನ್ನ ನಾಲ್ಕು ಸಂಖ್ಯೆ ಬರೆದುಕೊಳ್ಳಿ. ತಂತಿಕುಣಿಕೆ ಸಿಕ್ಕಿಕೊಳ್ಳುವ ಹಲ್ಲುಪಟ್ಟಿಯ ಹಲ್ಲು 1,500 ನ್ಯೂಟನ್‌ಗೆ ಸೋಲಲಿ. ತಂತಿ ಮತ್ತು ಲಿವರ್ 2,000. ಬೇಸ್ ಪ್ಲೇಟಿನ ಜೋಡಣೆ 2,600. ಚಿಪ್ಪಿನ ರಂಧ್ರ 3,400. ಒಂದೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಸುಮಾರು ಶೇಕಡಾ 30ರಷ್ಟು ಮೇಲೆ. ಇವು ಶಾಸನವಲ್ಲ, ಚಿಪ್ಪಿನ ಗಡಸುತನಕ್ಕೆ ತಕ್ಕಂತೆ ಬದಲಾಗುತ್ತವೆ, ರೇಸಿಂಗ್ ಬೂಟಿಗೆ ಎಲ್ಲವೂ ಮೇಲೇರಬೇಕು. ಬದಲಾಗಬಾರದ್ದು ಕ್ರಮ. ಬೆಲೆಯ ಕ್ರಮವೂ ಇದೇ ಆಗಿರಲಿ: ಎಲ್ಲಕ್ಕಿಂತ ಅಗ್ಗದ್ದು ಎಲ್ಲಕ್ಕಿಂತ ಮೊದಲು ಹೋಗಬೇಕು.

ಹಲ್ಲುಪಟ್ಟಿಯನ್ನೇ ಬಲಿಗೆ ಆರಿಸಲು ಕಾರಣವಿದೆ. ನಾಲ್ಕು ಹಲ್ಲಿನ ಪಟ್ಟಿಯಲ್ಲಿ ಒಂದು ಹಲ್ಲು ಕಿತ್ತರೆ ತಂತಿ ಹಿಂದಿನ ಹಲ್ಲಿಗೆ ಬೀಳುತ್ತದೆ ಅಥವಾ ಅಲ್ಲಿಗೆ ಸಿಕ್ಕಿಸಬಹುದು. ಬೂಟು ಸಡಿಲವಾಗುತ್ತದೆ, ತೆರೆದುಕೊಳ್ಳುವುದಿಲ್ಲ. ಸಂಜೆಯವರೆಗೆ ನಿಭಾಯಿಸಬಹುದು. ಒಂದು ಎಚ್ಚರಿಕೆ: ಇದನ್ನು ಯಾರೂ ಸುರಕ್ಷತಾ ಬಿಡುಗಡೆ ಎಂದು ಭಾವಿಸಬಾರದು. ಬಿದ್ದಾಗ ಕಾಲನ್ನು ಸ್ಕೀಯಿಂದ ಬಿಡಿಸುವುದು ಬೈಂಡಿಂಗ್‌ನ ಕೆಲಸ, ಅದರ ಹೊಂದಾಣಿಕೆ ತರಬೇತಿ ಪಡೆದವರ ಕೆಲಸ. ಕೊಂಡಿಗೂ ಅದಕ್ಕೂ ಸಂಬಂಧ ಕಲ್ಪಿಸಿ ಯಾರಾದರೂ ಮಾರಾಟದ ಮಾತಾಡಿದರೆ ನಂಬಬೇಡಿ.

ಇನ್ನು ಜೋಡಣೆ. ಬಾಡಿಗೆ ಬೂಟಿಗೆ ರಿವೆಟ್ ಹಾಕಬೇಡಿ. ಹಾಕಲು ಅಗ್ಗ ನಿಜ, ತೆಗೆಯಲು ಡ್ರಿಲ್ ಬೇಕು, ಡ್ರಿಲ್ ಜಾರಿದರೆ ರಂಧ್ರ ದೊಡ್ಡದಾಗುತ್ತದೆ. ಒಳಗಿನಿಂದ ಅಗಲ ತಲೆಯ ಟಿ-ನಟ್, ಹೊರಗಿನಿಂದ ಎಂ5 ಸ್ಕ್ರೂ. ನಟ್ಟಿನ ತಲೆ 14 ಮಿ.ಮೀ. ವ್ಯಾಸ, 1 ಮಿ.ಮೀ. ದಪ್ಪ, ಒಳಬೂಟನ್ನು ಕೊರೆಯದಂತೆ ಅಂಚು ಉರುಟು. ಅದರ ಕೊಳವೆಯ ಹೊರವ್ಯಾಸ 7 ಮಿ.ಮೀ. ಎರಡು ಕೊಳವೆ ಸೇರಿ ಅದೇ 500 ನ್ಯೂಟನ್ ಹೊತ್ತರೆ ರಂಧ್ರದ ಗೋಡೆಯ ಒತ್ತಡ 31ರಿಂದ 9 ಮೆಗಾಪಾಸ್ಕಲ್‌ಗೆ ಇಳಿಯುತ್ತದೆ. ಯಾವುದನ್ನೂ ‘ಗಟ್ಟಿ’ ಮಾಡಲಿಲ್ಲ, ಹಂಚಿದೆವು ಅಷ್ಟೆ.

ಕೊಳವೆಯ ಉದ್ದದಲ್ಲಿ ಬಹಳ ಜನ ಎಡವುತ್ತಾರೆ. ಅದು ಚಿಪ್ಪಿನ ದಪ್ಪಕ್ಕಿಂತ 0.2 ಮಿ.ಮೀ. ಗಿಡ್ಡ ಇರಬೇಕು, ಅಂದರೆ 4 ಮಿ.ಮೀ. ಗೋಡೆಗೆ 3.8. ಸ್ಕ್ರೂ ಬಿಗಿದಾಗ ಪ್ಲಾಸ್ಟಿಕ್ ಅಷ್ಟು ಮಾತ್ರ ಅಮುಕಿಕೊಂಡು, ಆಮೇಲೆ ಲೋಹ ಲೋಹಕ್ಕೆ ತಾಗಿ ನಿಲ್ಲುತ್ತದೆ. ತೀರಾ ಗಿಡ್ಡವಾದರೆ ಬಿಗಿತವೆಲ್ಲ ಪ್ಲಾಸ್ಟಿಕ್ಕಿನ ಮೇಲೆ, ಅದು ತಿಂಗಳೊಳಗೆ ಸೋತು ಸ್ಕ್ರೂ ಸಡಿಲ. ಉದ್ದವಾದರೆ ಬೇಸ್ ಪ್ಲೇಟ್ ಮೊದಲ ದಿನದಿಂದಲೇ ಅಲುಗಾಡುತ್ತದೆ. ಬಿಗಿತ 3 ನ್ಯೂಟನ್-ಮೀಟರ್ ಸಾಕು. ಸಡಿಲವಾಗದಿರಲು ನೈಲಾನ್ ಪ್ಯಾಚ್ ಇರುವ ಸ್ಕ್ರೂ ಒಳ್ಳೆಯದು. ದ್ರವ ಥ್ರೆಡ್‌ಲಾಕರ್ ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ತರಿಸುತ್ತದೆ, ನಿಮ್ಮ ಚಿಪ್ಪಿನ ತುಂಡಿನ ಮೇಲೆ ಪರೀಕ್ಷಿಸದೆ ಹಚ್ಚಬೇಡಿ.

ಬೇಸ್ ಪ್ಲೇಟಿನ ಎರಡು ರಂಧ್ರಗಳಲ್ಲಿ ಒಂದು ದುಂಡಗಿರಲಿ, ಇನ್ನೊಂದು ಒಂದು ಮಿಲಿಮೀಟರ್ ಉದ್ದುದ್ದ. ಚಳಿಗೆ ಪಾಲಿಯುರೆಥೇನ್ ಅಲ್ಯೂಮಿನಿಯಂಗಿಂತ ಆರೇಳು ಪಟ್ಟು ಹೆಚ್ಚು ಕುಗ್ಗುತ್ತದೆ. 25 ಮಿ.ಮೀ. ಅಂತರಕ್ಕೆ, 40 ಡಿಗ್ರಿ ವ್ಯತ್ಯಾಸಕ್ಕೆ, ಒಂದು ಹತ್ತಾಂಶ ಮಿಲಿಮೀಟರಿಗಿಂತ ತುಸು ಹೆಚ್ಚು. ಕಡಿಮೆ ಅನಿಸಬಹುದು, ಮುಂದಕ್ಕೆ ಬಾಗಿದಾಗ ಚಿಪ್ಪೂ ಬಾಗುವುದು ಇದಕ್ಕೆ ಸೇರುತ್ತದೆ. ಎರಡೂ ರಂಧ್ರ ಬಿಗಿಯಾಗಿದ್ದರೆ ಆ ಹಟವೆಲ್ಲ ರಂಧ್ರದ ಅಂಚಿನಲ್ಲಿ ಬಿರುಕಾಗಿ ಕಾಣಿಸಿಕೊಳ್ಳುತ್ತದೆ.

ಮಡಿ ಬಿಂದುವನ್ನು ಎಷ್ಟು ದಾಟಬೇಕು? ಎರಡು ಮಿಲಿಮೀಟರ್. ಒಂದೇ ಇಟ್ಟರೆ ಕೀಲಿನ ಸವೆತ ಮತ್ತು ಬೇಸ್ ಪ್ಲೇಟಿನ ಬಾಗು ಸೇರಿ ಅದನ್ನು ನುಂಗಿ, ಇಳಿಜಾರಿನ ಮಧ್ಯೆ ಕೊಂಡಿ ತಾನಾಗಿ ತೆರೆಯುತ್ತದೆ. ನಾಲ್ಕು ಇಟ್ಟರೆ ತೆರೆಯಲು ಎರಡರಷ್ಟು ಬಲ ಬೇಕು, ಹಿಮ ಕಟ್ಟಿದ ದಿನ ಜನ ಸ್ಕೀ ಕೋಲಿನ ತುದಿ ತೂರಿಸಿ ಮೀಟುತ್ತಾರೆ. ಆ ಮೀಟಿಗೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ತಂತಿ ಎಳೆತಕ್ಕೆ ಹೋಗುವುದಿಲ್ಲ ಎಂದೆ. ಅದು ಹೋಗುವುದು ಮೂಲೆಯ ಬಾಗಿನಲ್ಲಿ, ದಣಿವಿನಿಂದ. ಹಲ್ಲು ಮತ್ತು ತಂತಿ ಸಮಾನಾಂತರವಾಗಿ ಕೂರದಿದ್ದರೆ ಭಾರವೆಲ್ಲ ಒಂದೇ ಕಾಲಿನ ಮೇಲೆ. ಆದ್ದರಿಂದ ಕುಣಿಕೆ ಅತ್ತಿತ್ತ ಸ್ವಲ್ಪ ಹೊರಳುವಂತಿರಲಿ, ಮೂಲೆಯ ಒಳತ್ರಿಜ್ಯ ತಂತಿಯ ವ್ಯಾಸಕ್ಕಿಂತ ಕಡಿಮೆಯಾಗದಿರಲಿ. ತಂತಿಕುಣಿಕೆಯನ್ನು ತಿರುಗಿಸಿ ಅದರ ಉದ್ದ ತುಸು ಹೆಚ್ಚು-ಕಡಿಮೆ ಮಾಡುವ ಸೂಕ್ಷ್ಮ ಹೊಂದಾಣಿಕೆಯ ತಿರುಪು ಇಡುವವರು ಒಂದು ಸರಳ ಲೆಕ್ಕ ಮರೆಯುತ್ತಾರೆ: ತಿರುಪಿನ ಒಟ್ಟು ಓಟ ಹಲ್ಲಿನ ಅಂತರಕ್ಕಿಂತ ಹೆಚ್ಚಿರಬೇಕು. ಹಲ್ಲಿನ ಅಂತರ 8 ಮಿ.ಮೀ., ತಿರುಪಿನ ಓಟ 6 ಇದ್ದರೆ ನಡುವೆ 2 ಮಿ.ಮೀ. ಯಾವ ರೀತಿಯಿಂದಲೂ ಸಿಗದ ಜಾಗ. ಪಾಪ, ಅಲ್ಲೇ ಒಬ್ಬರ ಕಾಲು ಇರುತ್ತದೆ. ಓಟ 10 ಇರಲಿ, ಪೂರ್ತಿ ಬಿಚ್ಚಿದಾಗಲೂ 8 ಮಿ.ಮೀ. ತಿರುಪಿನ ಎಳೆ ಒಳಗೇ ಉಳಿಯಲಿ, ಕೊನೆಯ ಎಳೆಯನ್ನು ಜಜ್ಜಿಬಿಡಿ. ಇಲ್ಲದಿದ್ದರೆ ಬಿಚ್ಚುತ್ತಾ ಬಿಚ್ಚುತ್ತಾ ತಂತಿ ಹಿಮದಲ್ಲಿ ಮಾಯ.

ಅಗ್ಗ ಮಾಡುವ ದಾರಿಗಳಲ್ಲಿ ಒಂದು ಬಲೆ ಇದೆ: ಸತುವಿನ ಮಿಶ್ರಲೋಹ. ಅಚ್ಚಿನಲ್ಲಿ ಚೆಂದ ಬರುತ್ತದೆ, ಹೊಳೆಯುತ್ತದೆ. ಆದರೆ ಸೊನ್ನೆಗಿಂತ ಕೆಳಗೆ ಪೆಟ್ಟು ತಡೆಯುವ ಶಕ್ತಿ ಕುಸಿಯುತ್ತದೆ, ಸದಾ ಎಳೆತದಲ್ಲಿಟ್ಟರೆ ನಿಧಾನವಾಗಿ ಹಿಗ್ಗುತ್ತದೆ. ತೂಕವೂ ಸಾಲ: 20 ಗ್ರಾಮಿನ ಅಲ್ಯೂಮಿನಿಯಂ ಲಿವರ್ ಅದರಲ್ಲಿ 49 ಗ್ರಾಂ, ಜೋಡಿಗೆ ಎಂಟು ಲಿವರಿನಂತೆ 230 ಗ್ರಾಂ ಹೆಚ್ಚು. ನಿಜವಾದ ಉಳಿತಾಯ ಬೇರೆಡೆ ಇದೆ. ಕೊಂಡಿಗಳು ಬೂಟಿನ ಹೊರಬದಿಗೆ ಬರುತ್ತವೆ, ಎಡ-ಬಲ ಕನ್ನಡಿಬಿಂಬ. ಲಿವರನ್ನು ಸಮಮಿತಿಯಾಗಿ ಬಿಡಿಸಿದರೆ ಎಂಟಕ್ಕೂ ಒಂದೇ ಅಚ್ಚು. ಕೆಲವೇ ಸಾವಿರ ತುಂಡಾದರೆ ಅಚ್ಚೂ ಬೇಡ: ಲಿವರಿನ ಪಕ್ಕನೋಟವನ್ನೇ ಅಡ್ಡಕೊಯ್ತವಾಗಿಟ್ಟು 6082 ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ಎಳೆಸಿ, ಬ್ರೆಡ್ಡಿನಂತೆ 22 ಮಿ.ಮೀ. ಅಗಲಕ್ಕೆ ಕೊಯ್ದು, ಕೀಲಿನ ರಂಧ್ರ ಕೊರೆಸಿ. ಪೀಣ್ಯದ ಸಾಧಾರಣ ಮಷಿನ್ ಶಾಪಿಗೂ ಇದು ದೊಡ್ಡ ಕೆಲಸವಲ್ಲ. ಹಲ್ಲುಪಟ್ಟಿಗೆ ಗಾಜಿನೆಳೆ ತುಂಬದ, ಚಳಿಯಲ್ಲೂ ಜಿಗುಟು ಉಳಿಯುವ ನೈಲಾನ್ 12. ಗಾಜಿನೆಳೆ ಹಾಕಿದ ನೈಲಾನ್ ಕಾಗದದ ಮೇಲೆ ಬಲಶಾಲಿ, ಪೆಟ್ಟಿಗೆ ಪಿಂಗಾಣಿ.

ಪರೀಕ್ಷೆ ಕೋಣೆಯ ಬೆಚ್ಚಗಿನಲ್ಲಿ ಮಾಡಬೇಡಿ. ಬಾಡಿಗೆ ಬೂಟು ಸೀಸನ್ನಿಗೆ 100 ದಿನ, ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದರೆ ಐದು ಸೀಸನ್ನಿಗೆ 5,000. ಅದರ ದುಪ್ಪಟ್ಟು, 10,000 ಸಲ, ಮೈನಸ್ 20 ಡಿಗ್ರಿಯಲ್ಲಿ, ನಡುನಡುವೆ ನೀರಲ್ಲಿ ಅದ್ದಿ. ಆಮೇಲೆ ತೆರೆದ ಲಿವರಿನ ಮೇಲೆ ಪಕ್ಕದಿಂದ ಒಂದು ಕಿಲೋ ತೂಕವನ್ನು ಅರ್ಧ ಮೀಟರಿನಿಂದ ಬೀಳಿಸಿ. ಮುರಿದರೆ ಮುರಿಯಲಿ, ಮುರಿದದ್ದು ಯಾವುದು ನೋಡಿ. ಚಿಪ್ಪಾದರೆ ಪುನಃ ಮೊದಲಿನಿಂದ.

ಗುಲ್ಮಾರ್ಗ್, ಔಲಿಯ ಬಾಡಿಗೆ ಬೂಟುಗಳ ವಿಷಯ ಒಂದಿಷ್ಟು. ಬೆಂಗಳೂರಿನಿಂದ ಹೋಗುವವರು ಇದನ್ನು ಗಮನಿಸುವುದು ಒಳ್ಳೆಯದು. ಒಂದು ಅಳತೆ ದೊಡ್ಡ ಬೂಟು ‘ಆರಾಮ’ ಎಂದು ತೆಗೆದುಕೊಂಡು ಕೊನೆಯ ಹಲ್ಲಿಗೆ ಎಳೆದು ಬಿಗಿಯುತ್ತಾರೆ. ಎರಡನೆಯ ಕೊಂಡಿ, ಪಾದದ ಏರಿನ ಮೇಲಿನದು, ಮೊದಲು ಸಾಯುವುದು ಹೀಗೆಯೇ, ಹಿಮ್ಮಡಿಯನ್ನು ಹಿಂದಕ್ಕೆ ಹಿಡಿದಿಡುವುದೂ ಅದೇ. ಬೆರಳಿನ ಕಡೆಯದು ಬರೀ ತಾಗಿಸಿದಷ್ಟಿದ್ದರೆ ಸಾಕು. ನಡೆಯುವಾಗ ಕೊಂಡಿಗಳನ್ನು ಮೊದಲ ಹಲ್ಲಿಗೆ ಸುಮ್ಮನೆ ಸಿಕ್ಕಿಸಿರಿ. ಅಂಗಡಿಯವರಿಗೂ ಒಂದು ಮಾತು: ಹಲವು ವರ್ಷ ಹಳೆಯ ಪಾಲಿಯುರೆಥೇನ್ ತೇವಾಂಶಕ್ಕೆ ಒಳಗೊಳಗೇ ಶಿಥಿಲವಾಗುತ್ತದೆ, ಅದರಲ್ಲೂ ಪಾಲಿಯೆಸ್ಟರ್ ಜಾತಿಯದು. ರಂಧ್ರದ ಸುತ್ತ ಕೂದಲೆಳೆಯ ಬಿರುಕು ಕಂಡರೆ ಅದಕ್ಕೆ ಹೊಸ ಕೊಂಡಿ ಹಾಕುವುದು ದಂಡ.

ಈಗ ಬರುವವರೆಲ್ಲ ಕೊಂಡಿಯ ಬದಲು, ತಿರುಗಿಸಿದರೆ ತೆಳು ತಂತಿ ಸುತ್ತಿಕೊಂಡು ಬಿಗಿಯಾಗುವ ಬೋವಾ ಗುಂಡಿ ಕೇಳುತ್ತಾರೆ. 2023ರಿಂದ ದೊಡ್ಡ ಕಂಪನಿಗಳ ಆಲ್ಪೈನ್ ಬೂಟುಗಳಲ್ಲಿ ಕೆಳಗಿನ ಎರಡು ಕೊಂಡಿಯ ಜಾಗಕ್ಕೆ ಅದು ಬಂದಿದೆ, ಎಳೆತವನ್ನು ಚೆನ್ನಾಗಿ ಹಂಚುತ್ತದೆ. ಅಗ್ಗದ ಬಾಡಿಗೆ ಬೂಟಿಗೆ ಸದ್ಯಕ್ಕಲ್ಲ.

ಕೊನೆಗೆ ಬಿಡಿಭಾಗದ ಚೀಲ. ಇಪ್ಪತ್ತು ಜೋಡಿ ಬೂಟಿಗೆ 16 ಹಲ್ಲುಪಟ್ಟಿ, 8 ತಂತಿಕುಣಿಕೆ, 4 ಲಿವರ್, 30 ಸ್ಕ್ರೂ, 10 ಟಿ-ನಟ್ ಇದ್ದರೆ ಒಂದು ಸೀಸನ್ ದಾಟಬಹುದು. ಸ್ಕ್ರೂ ತಲೆ ಪೋಜಿಡ್ರೈವ್ (ನೋಡಲು ಫಿಲಿಪ್ಸ್‌ನಂತಿದ್ದರೂ ಬೇರೆಯೇ ಆಕಾರದ್ದು) ನಂಬರ್ 2 ಆದರೆ ಸ್ಕ್ರೂಡ್ರೈವರನ್ನೂ ಆ ಚೀಲಕ್ಕೇ ದಾರದಿಂದ ಕಟ್ಟಿಡಿ, ಇಲ್ಲದಿದ್ದರೆ ಕೈಗೆ ಸಿಕ್ಕ ಫಿಲಿಪ್ಸ್ ತೂರಿಸಿ ಮೊದಲ ದಿನವೇ ತಲೆ ಸವೆಸಿಡುತ್ತಾರೆ.