ಪ್ರೇರಿತ ರಕ್ಷಣೆ: ಹುಳ ಕಚ್ಚಿದ ಮೇಲೆ ಪೈರು ಏನು ಮಾಡುತ್ತದೆ?

ಹುಳ ಕಚ್ಚಿದ ಮೇಲಷ್ಟೇ ಗಿಡ ತನ್ನೊಳಗೆ ತಯಾರಿಸಿಕೊಳ್ಳುವ, ಅಥವಾ ಆಗ ಜಾಸ್ತಿ ಮಾಡಿಕೊಳ್ಳುವ ರಾಸಾಯನಿಕ ಕಾವಲಿಗೆ ಪ್ರೇರಿತ ರಕ್ಷಣೆ ಎನ್ನುತ್ತಾರೆ. ಭತ್ತ, ಗೋವಿನಜೋಳ, ಗೋಧಿ ಹೀಗೆ ಧಾನ್ಯದ ಬೆಳೆಗಳಲ್ಲೆಲ್ಲ ಇದು ಇದೆ. ಕುಮಟಾ, ಅಂಕೋಲಾ ಕಡೆಯ ಗದ್ದೆಗೆ ಎಲೆ ಸುರುಳಿ ಹುಳ ಬಿದ್ದು ಗರಿಗಳಲ್ಲಿ ಬಿಳಿ ಗೀರು ಕಾಣುವಾಗ, ಪೈರು ಸುಮ್ನೆ ತಿನ್ನಿಸಿಕೊಳ್ಳುತ್ತ ನಿಂತಿದೆ ಅನ್ನಿಸುತ್ತದೆ, ಅಲ್ವಾ? ಒಳಗೆ ಅಷ್ಟು ಹೊತ್ತಿಗೆ ಕೆಲಸ ಶುರುವಾಗಿರುತ್ತದೆ.

ಕಚ್ಚುವ ತನಕ ಕಾಯುವುದು ಯಾಕೆ? ಖರ್ಚಿನ ಕಾರಣಕ್ಕೆ. ಹುಳಕ್ಕೆ ಆಗದ ವಸ್ತು ಮಾಡಲು ಸಾರಜನಕ ಬೇಕು, ಸಕ್ಕರೆ ಬೇಕು. ಅದೆಲ್ಲ ಕಾಳಿಗೆ ಹೋಗಬೇಕಾದದ್ದು. ಈ ರಕ್ಷಣೆಯ ಸಂಕೇತವೇ ತಲುಪದ ಹಾಗೆ ಬದಲಾಯಿಸಿದ ಭತ್ತದ ಗಿಡಗಳು ಮಾಮೂಲಿಗಿಂತ ಎತ್ತರ ಬೆಳೆದವು ಎಂದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಬೆಳೆಯುವುದು, ಕಾದಾಡುವುದು ಎರಡಕ್ಕೂ ಗಂಟು ಒಂದೇ.

ಆ ಸಂಕೇತದ ಹೆಸರು ಜಾಸ್ಮೋನಿಕ್ ಆಮ್ಲ. 1962ರಲ್ಲಿ ಇದರ ಹತ್ತಿರದ ಸಂಬಂಧಿಯೊಂದನ್ನು ಜಾಜಿಯ ಎಣ್ಣೆಯಿಂದ ಬೇರ್ಪಡಿಸಿದ್ದರು, ಹೆಸರು ಬಂದದ್ದು ಅಲ್ಲಿಂದ. ಭಟ್ಕಳ ಮಲ್ಲಿಗೆಯ ಜಿಲ್ಲೆಯವರಿಗೆ ನೆನಪಿಡುವುದು ಸುಲಭ. ಎಲೆಯ ಹಸಿರು ಕಣಗಳ ಪೊರೆಯಲ್ಲಿ ಲಿನೋಲೆನಿಕ್ ಆಮ್ಲ ಎಂಬ ಕೊಬ್ಬಿನಂಶ ಇರುತ್ತದೆ. ಗಾಯವಾದಾಗ ಅದು ಬಿಡುಗಡೆಯಾಗಿ, ಕೆಲವು ಹಂತ ದಾಟಿ ಜಾಸ್ಮೋನಿಕ್ ಆಮ್ಲ ಆಗುತ್ತದೆ. ಇಷ್ಟಕ್ಕೆ ದಿನಗಟ್ಟಲೆ ಬೇಡ, ಕೆಲವು ನಿಮಿಷಗಳಲ್ಲೇ ಇದರ ಪ್ರಮಾಣ ಏರತೊಡಗುತ್ತದೆ. ಆಮೇಲೆ ಅಲ್ಲಿಯವರೆಗೆ ಸುಮ್ಮನಿದ್ದ ಜೀನ್‌ಗಳು ಎದ್ದು ಕೂರುತ್ತವೆ. ಅವುಗಳಿಂದ ಹುಟ್ಟುವ ಕೆಲವು ಪ್ರೋಟೀನ್‌ಗಳು ಹುಳದ ಹೊಟ್ಟೆಯಲ್ಲಿ ಪಚನ ಕೆಡಿಸುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಹುಳ ಸಾಯದೇ ಇರಬಹುದು, ಆದರೆ ಬೆಳವಣಿಗೆ ನಿಧಾನವಾಗುತ್ತದೆ. ನಿಧಾನವಾದಷ್ಟೂ ಹಕ್ಕಿಗೋ ಜೇಡಕ್ಕೋ ಸಿಗುವ ಸಾಧ್ಯತೆ ಜಾಸ್ತಿ.

ನನಗೆ ಇದರಲ್ಲಿ ಅತಿ ಚಂದ ಕಾಣುವುದು ಹುಳದ ಜೊಲ್ಲಿನ ವಿಷಯ. 1990ರಲ್ಲಿ ಅಮೆರಿಕದ ಸಂಶೋಧಕರು ಗೋವಿನಜೋಳದ ಎಲೆಗೆ ಬರೀ ಗಾಯ ಮಾಡಿ ನೋಡಿದರು, ಗಾಯಕ್ಕೆ ಸೈನಿಕ ಹುಳದ ಜೊಲ್ಲು ಸವರಿಯೂ ನೋಡಿದರು. ಬರೀ ಗಾಯಕ್ಕೆ ಗಿಡ ಅಷ್ಟಾಗಿ ಮಿಡುಕಲಿಲ್ಲ. ಜೊಲ್ಲು ತಾಗಿದ ಗಿಡ ಒಂದು ಬಗೆಯ ವಾಸನೆ ಬಿಡತೊಡಗಿತು. ಆ ವಾಸನೆ ಹಿಡಿದು ಪುಟ್ಟ ಪರಾವಲಂಬಿ ಕಣಜ ಬಂತು. ಹುಳದ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನು ಮುಗಿಸುವ ಜಾತಿ ಅದು. ಜೊಲ್ಲಿನಲ್ಲಿದ್ದ ಆ ವಸ್ತು ಯಾವುದೆಂದು 1997ರಲ್ಲಿ ಪತ್ತೆಯಾಯಿತು, ವೊಲಿಸಿಟಿನ್ ಎಂದು ಹೆಸರಿಟ್ಟರು. ತಮಾಷೆ ಎಂದರೆ ಅದರ ಅರ್ಧ ಭಾಗ ಗಿಡದ್ದೇ. ಮೇಲೆ ಹೇಳಿದ ಲಿನೋಲೆನಿಕ್ ಆಮ್ಲವನ್ನು ಎಲೆಯಿಂದ ತಿಂದ ಹುಳ, ತನ್ನ ಕಡೆಯಿಂದ ಗ್ಲುಟಮಿನ್ ಸೇರಿಸಿ ಇದನ್ನು ಮಾಡುತ್ತದೆ.

ಬೇರಿನಲ್ಲೂ ಹೀಗೇ ಕರೆಯುವ ಪದ್ಧತಿ ಇದೆ. ಬೇರು ಕೊರೆಯುವ ಒಂದು ಹುಳ ಅಮೆರಿಕ, ಯುರೋಪ್‌ನ ಗೋವಿನಜೋಳಕ್ಕೆ ದೊಡ್ಡ ಪಿಡುಗು. ಅದು ಕಚ್ಚಿದಾಗ ಬೇರು ಕ್ಯಾರಿಯೋಫಿಲೀನ್ ಎಂಬ ವಸ್ತು ಬಿಟ್ಟು, ಹುಳವನ್ನು ಕೊಲ್ಲುವ ಸೂಕ್ಷ್ಮ ಜಂತುಗಳನ್ನು ಮಣ್ಣಿನಲ್ಲೇ ಕರೆಸಿಕೊಳ್ಳುತ್ತದೆ. ಕ್ಯಾರಿಯೋಫಿಲೀನ್ ನಮಗೆ ಹೊಸದಲ್ಲ. ಶಿರಸಿಯ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬುವ ಕಾಳುಮೆಣಸಿನ ಪರಿಮಳದಲ್ಲಿ ಅದರ ಪಾಲು ದೊಡ್ಡದು. 2005ರಲ್ಲಿ ಈ ಸಂಗತಿ ಹೊರಬಿದ್ದಾಗ ಇನ್ನೊಂದೂ ಗೊತ್ತಾಯಿತು: ಅಮೆರಿಕದ ಬಹುತೇಕ ತಳಿಗಳು ಈ ಕರೆಯನ್ನೇ ಕಳೆದುಕೊಂಡಿದ್ದವು. ಇಳುವರಿ ನೋಡಿ ತಳಿ ಆರಿಸುತ್ತ ಹೋದವರು ವಾಸನೆಯನ್ನು ಯಾಕೆ ನೋಡುತ್ತಾರೆ ಹೇಳಿ.

ಪ್ರೇರಿತ ರಕ್ಷಣೆಯ ಪಕ್ಕದಲ್ಲೇ ಇನ್ನೊಂದು ಬಗೆ ಇದೆ, ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಗೋವಿನಜೋಳ ಮತ್ತು ಗೋಧಿಯ ಎಳೆ ಗಿಡದಲ್ಲಿ ಡಿಂಬೋವಾ ಎಂಬ ವಸ್ತು ಸಕ್ಕರೆಗೆ ಅಂಟಿಕೊಂಡು, ತೊಂದರೆ ಇಲ್ಲದ ರೂಪದಲ್ಲಿ ಮೊದಲೇ ಶೇಖರವಾಗಿರುತ್ತದೆ. ಆ ಸಕ್ಕರೆ ಬಿಡಿಸುವ ಕಿಣ್ವ ಅದೇ ಜೀವಕೋಶದ ಬೇರೆ ಕೋಣೆಯಲ್ಲಿ. ಕವಳ ಹಾಕುವವರಿಗೆ ಬಿಡಿಸಿ ಹೇಳುವುದು ಬೇಡ: ಎಲೆ, ಅಡಿಕೆ, ಸುಣ್ಣ ತಟ್ಟೆಯಲ್ಲಿ ಬೇರೆ ಬೇರೆ ಇರುವಷ್ಟು ಹೊತ್ತು ಏನೂ ಇಲ್ಲ, ಅಗಿದರೆ ಕೆಂಪು. ಹುಳ ಅಗಿದಾಗ ಕೋಣೆಗಳು ಒಡೆದು ಎರಡೂ ಕೂಡುತ್ತವೆ, ಆಗ ವಿಷ. ಜೋಳದಲ್ಲಿ ಇದೇ ಬಗೆಯ ವಸ್ತು ಧುರಿನ್. ಅದು ಒಡೆದರೆ ಹುಟ್ಟುವುದು ಸೈನೈಡ್. ಎಳೆ ಜೋಳ, ಕೂಳೆ ಜೋಳ, ನೀರಿಲ್ಲದೆ ಬಾಡಿದ ಜೋಳ ಇವನ್ನು ದನಕ್ಕೆ ಮೇಯಿಸಬೇಡಿ ಅನ್ನುವುದು ಇದಕ್ಕೇ. ಇಂಥದ್ದನ್ನು ತುಂಬಿಟ್ಟ ಮದ್ದು ಅನ್ನಬಹುದು. ಹುಳ ಕಚ್ಚಿದ ಮೇಲೆ ಗೋವಿನಜೋಳ ಡಿಂಬೋವಾದ ಇನ್ನೊಂದು ರೂಪವನ್ನು ಹೆಚ್ಚಿಗೆ ಮಾಡುತ್ತದಲ್ಲ, ಆ ಹೆಚ್ಚಿನ ಭಾಗ ಮಾತ್ರ ಪ್ರೇರಿತ.

ಹುಳಗಳೂ ದಡ್ಡ ಅಲ್ಲ. 2018ರಲ್ಲಿ ಭಾರತದಲ್ಲಿ ಮೊದಲು ಶಿವಮೊಗ್ಗದಲ್ಲಿ ಕಂಡ ಫಾಲ್ ಸೈನಿಕ ಹುಳ, ಅಂದರೆ ಲದ್ದಿಹುಳ, ಮುಂಡಗೋಡ ಮತ್ತು ಹಳಿಯಾಳದ ಗೋವಿನಜೋಳದವರಿಗೆ ಗೊತ್ತಿರುವ ಪೀಡೆ. ಅದು ಡಿಂಬೋವಾಕ್ಕೆ ಹೊಟ್ಟೆಯಲ್ಲೇ ಮತ್ತೆ ಸಕ್ಕರೆ ಅಂಟಿಸುತ್ತದೆ, ಅದೂ ಗಿಡದ ಕಿಣ್ವ ಬಿಡಿಸಲಾಗದ ಹಾಗೆ ತಿರುಗಿಸಿ. ಅಲ್ಲಿಗೆ ಗಿಡದ ಲೆಕ್ಕ ತಪ್ಪಿತು.

ಭತ್ತದಲ್ಲಿ ಡಿಂಬೋವಾ ಇಲ್ಲ. ಅದರ ದಾರಿ ಬೇರೆ. ಕಂದು ಜಿಗಿಹುಳ ಎಲೆ ಅಗಿಯುವುದಿಲ್ಲ, ಸೂಜಿಯಂಥ ಮೂತಿ ಚುಚ್ಚಿ ರಸ ಹೀರುತ್ತದೆ. ಗಿಡ ಆಗ ರಸ ಹರಿಯುವ ನಾಳವನ್ನು ಕ್ಯಾಲೋಸ್ ಎಂಬ ಅಂಟಿನಂಥ ವಸ್ತುವಿನಿಂದ ಮುಚ್ಚಲು ನೋಡುತ್ತದೆ. ನಿರೋಧಕ ತಳಿಗಳಲ್ಲಿ ಆ ಮುಚ್ಚಳ ನಿಲ್ಲುತ್ತದೆ, ಉಳಿದವುಗಳಲ್ಲಿ ಬೇಗ ಕರಗಿಹೋಗುತ್ತದೆ. ಬಿಳಿ ಬೆನ್ನಿನ ಜಿಗಿಹುಳ ಎಲೆಯ ಕವಚದೊಳಗೆ ಮೊಟ್ಟೆ ಇಟ್ಟರೆ ಜಪಾನಿನ ಕೆಲವು ತಳಿಗಳು ಇನ್ನೂ ಒಂದು ಹೆಜ್ಜೆ ಮುಂದೆ. ಮೊಟ್ಟೆಯ ಸುತ್ತ ನೀರು ತುಂಬಿದ ಕಲೆ ಏಳುತ್ತದೆ. ಆ ನೀರಲ್ಲಿ ಬೆಂಜೈಲ್ ಬೆಂಜೋಯೇಟ್ ಇರುತ್ತದೆ, ಮೊಟ್ಟೆಗಳು ಸಾಯುತ್ತವೆ. ಕಜ್ಜಿಯ ಹುಳಕ್ಕೆ ಹಚ್ಚಲು ಮೆಡಿಕಲ್ ಶಾಪಿನಲ್ಲಿ ಕೊಡುತ್ತಾರಲ್ಲ, ಅದೇ ವಸ್ತು.

ಜಾಸ್ಮೋನಿಕ್ ಜಾಸ್ತಿಯಾದರೆ ಗಿಡ ಎಲ್ಲ ಹುಳವನ್ನೂ ತಡೆಯುತ್ತದೆ ಎಂದು ತಿಳಿಯಬೇಡಿ. ಅದನ್ನು ಕಡಿಮೆ ಮಾಡಿದ ಭತ್ತವನ್ನು ಕಾಂಡ ಕೊರಕ ಸುಲಭವಾಗಿ ಗೆದ್ದಿತು, ಆದರೆ ಕಂದು ಜಿಗಿಹುಳಕ್ಕೆ ಅದೇ ಗಿಡ ಹೆಚ್ಚು ಗಟ್ಟಿ ನಿಂತಿತು. 2009ರಲ್ಲಿ ಚೀನಾದ ತಂಡ ಪ್ರಕಟಿಸಿದ ಫಲಿತಾಂಶ ಇದು. ಅಗಿಯುವ ಹುಳಕ್ಕೆ ಒಂದು ಸಂಕೇತ, ಹೀರುವ ಹುಳಕ್ಕೆ ಮತ್ತು ರೋಗಕ್ಕೆ ಹೆಚ್ಚಾಗಿ ಸ್ಯಾಲಿಸಿಲಿಕ್ ಆಮ್ಲದ ಸಂಕೇತ. ಒಂದು ಏರಿದರೆ ಇನ್ನೊಂದು ತಗ್ಗುವುದುಂಟು. ಹಾಗಾಗಿ ಯಾವುದಾದರೂ ಬಾಟಲಿಯ ಮೇಲೆ ‘ಬೆಳೆಯ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಎಂದು ಬರೆದಿದ್ದರೆ, ಯಾವ ಹುಳಕ್ಕೆ ಎಂದು ಮೊದಲು ಕೇಳಿ.

ಬಾಟಲಿಗಿಂತ ಸಿಲಿಕಾನ್ ನಂಬಬಹುದು. ಕಳೆ ಕೀಳುವಾಗ ಭತ್ತದ ಗರಿ ಕೈ ಕೊಯ್ಯುವುದು ಅದರಿಂದಲೇ. ಗರಿ ಗಟ್ಟಿ ಮಾಡುವುದಷ್ಟೇ ಅದರ ಕೆಲಸ ಎಂದು ಬಹುಕಾಲ ತಿಳಿದಿದ್ದರು. ಸಿಲಿಕಾನ್ ಸಿಕ್ಕಿದ ಭತ್ತ ಎಲೆ ಸುರುಳಿ ಹುಳಕ್ಕೆ ಜಾಸ್ಮೋನಿಕ್ ಪ್ರತಿಕ್ರಿಯೆಯನ್ನೂ ಚುರುಕಾಗಿ ಕೊಡುತ್ತದೆ ಎಂಬುದು 2013ರಲ್ಲಿ ಗೊತ್ತಾಯಿತು. ಜಾಸ್ತಿ ಮಳೆಗೆ ತೊಳೆದುಹೋದ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ಸಿಲಿಕಾನ್ ಕಡಿಮೆ. ಕರಾವಳಿ, ಘಟ್ಟದ ಮಣ್ಣು ಎಂಥದ್ದು ಎಂದು ಬೇರೆ ಹೇಳಬೇಕೇ? ಸಿಲಿಕಾನ್ ತುಂಬಿದ ಉಮಿಯ ಬೂದಿಯನ್ನು ಗದ್ದೆಗೇ ವಾಪಸ್ ಹಾಕುವುದರಲ್ಲಿ ಅರ್ಥವಿದೆ. ಯೂರಿಯಾ ಇದಕ್ಕೆ ಉಲ್ಟಾ. ಅತಿಯಾದರೆ ಗರಿ ಮೆತ್ತಗಾಗುತ್ತದೆ, ರಸ ಜಿಗಿಹುಳಕ್ಕೆ ರುಚಿಯಾಗುತ್ತದೆ.

ಅಘನಾಶಿನಿ ಬದಿಯ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ಕಗ್ಗ ಭತ್ತಕ್ಕೆ ಗೊಬ್ಬರವೂ ಇಲ್ಲ, ಔಷಧಿಯೂ ಇಲ್ಲ. ಅದು ಉಪ್ಪುನೀರು ತಡೆಯುತ್ತದೆ, ಆದ್ದರಿಂದ ಹುಳವನ್ನೂ ತಡೆಯುತ್ತದೆ ಎಂದು ಮಾತಾಡುವುದುಂಟು. ಅವು ಎರಡು ಬೇರೆ ಗುಣಗಳು. ಒಂದನ್ನು ಕಂಡು ಇನ್ನೊಂದನ್ನು ಊಹಿಸಲು ಬರುವುದಿಲ್ಲ.

ಇದೇ ರೀತಿ ಬೆರೆತುಹೋಗುವ ಇನ್ನೊಂದು ವಿಷಯ ತೆಂಡೆಯದು, ಅಂದರೆ ಬುಡದಿಂದ ಒಡೆಯುವ ಮರಿಗಳದು. ವಿಯೆಟ್ನಾಂನ ಮೆಕಾಂಗ್ ಬಯಲಿನಲ್ಲಿ 1990ರ ದಶಕದಲ್ಲಿ ಬಿತ್ತಿದ ಮೊದಲ 40 ದಿನ ಎಲೆ ತಿನ್ನುವ ಹುಳಕ್ಕೆ ಔಷಧಿ ಹೊಡೆಯಬೇಡಿ ಎಂದು ರೈತರಿಗೆ ಹೇಳಿದರು, ಇಳುವರಿಗೆ ಪೆಟ್ಟು ಬೀಳಲಿಲ್ಲ. ಅಲ್ಲಿ ಮುಖ್ಯವಾಗಿ ಕೆಲಸ ಮಾಡಿದ್ದು ಹೊಸ ಗರಿ, ಹೊಸ ತೆಂಡೆ ಹೊಡೆದು ನಷ್ಟ ತುಂಬಿಕೊಳ್ಳುವ ಭತ್ತದ ಶಕ್ತಿ. ಅದಕ್ಕೆ ಸರಿದೂಗಿಕೆ ಎನ್ನುತ್ತಾರೆ, ಪ್ರೇರಿತ ರಕ್ಷಣೆ ಎನ್ನುವುದಿಲ್ಲ. ಆದರೆ ಔಷಧಿ ಬೇಗ ಹೊಡೆದರೆ ರಕ್ಷಣೆಗೂ ಏಟು ಬೀಳುತ್ತದೆ. ಗಿಡ ವಾಸನೆ ಬಿಟ್ಟು ಕರೆಯುವುದು ಕಣಜವನ್ನು, ಔಷಧಿಗೆ ಮೊದಲು ಸಾಯುವವರಲ್ಲಿ ಅದೂ ಒಂದು.